ಹೊಳೆ ಮೀನು, ಗದ್ದೆ ಏಡಿ, ಮನೆಯ ಬೆಕ್ಕು: ಫ್ಲೂಕ್ ಹುಳುವಿನ ದಾರಿ ಕಡಿಯುವುದು ಹೇಗೆ?

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಕಾರವಾರ, ಅಂಕೋಲಾ, ಕುಮಟಾ ಪೇಟೆಯಲ್ಲಿ ಬಂಗಡೆ, ತಾರ್ಲೆ ಕಡಿಮೆಯಾಗುತ್ತದೆ, ಸಿಕ್ಕರೂ ರೇಟು ಏರಿರುತ್ತದೆ. ಅದೇ ಹೊತ್ತಿಗೆ ಮೃಗಶಿರಾ ಮಳೆ ಹಿಡಿಯುತ್ತದೆ. ಹೊಳೆ ತುಂಬುತ್ತದೆ, ಮೀನು ಗದ್ದೆಗೆ ಹತ್ತುತ್ತದೆ, ಹಳ್ಳದಲ್ಲಿ ಏಡಿ ಸಿಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಗಾಳ ಹಿಡಿದು ಹೊರಟವರನ್ನು ನೋಡಬೇಕೆಂದರೆ ಇದೇ ಸಮಯ. ಅಂದರೆ ವರ್ಷದಲ್ಲಿ ಸಿಹಿನೀರಿನ ಮೀನು, ಏಡಿ ನಮ್ಮ ಅಡುಗೆ ಮನೆಗೆ ಜಾಸ್ತಿ ಬರುವುದು ಮಳೆಗಾಲದಲ್ಲಿ.

ಈ ಲೇಖನ ಆ ಮೀನು, ಆ ಏಡಿಯ ಜೊತೆ ಬರಬಹುದಾದ ಒಂದು ಹುಳುವಿನ ಬಗ್ಗೆ. ಇಂಗ್ಲಿಷಿನಲ್ಲಿ ಫ್ಲೂಕ್ ಅನ್ನುತ್ತಾರೆ, ನಮ್ಮ ಪಶು ವೈದ್ಯರೂ ಹಾಗೆಯೇ ಕರೆಯುತ್ತಾರೆ. ಚಪ್ಪಟೆಯಾದ, ಎಲೆಯ ಆಕಾರದ ಹುಳು. ಕೆಲವು ಜಾತಿ ಪಿತ್ತನಾಳದಲ್ಲಿ ಮನೆ ಮಾಡುತ್ತವೆ, ಕೆಲವು ಕರುಳಿನಲ್ಲಿ, ಕೆಲವು ಶ್ವಾಸಕೋಶದಲ್ಲಿ. ಮನುಷ್ಯರಿಗೂ ಬರುತ್ತದೆ. ಬೆಕ್ಕು, ನಾಯಿ, ಹಂದಿಗೂ ಬರುತ್ತದೆ.

ಹೆದರಿಸಲು ಬರೆಯುತ್ತಿಲ್ಲ. ಮೀನು ಬಿಡಿ ಅಂತಲೂ ಹೇಳುವುದಿಲ್ಲ, ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅದು ಹೇಳುವ ಮಾತೇ ಅಲ್ಲ. ಮೀನಿನಿಂದ ಬರುವ ಪಿತ್ತನಾಳದ ಫ್ಲೂಕ್ ದೊಡ್ಡ ಮಟ್ಟದಲ್ಲಿ ಕಾಡುವುದು ಚೀನಾ, ಕೊರಿಯಾ, ವಿಯೆಟ್ನಾಂ, ಲಾವೋಸ್, ಥಾಯ್ಲೆಂಡ್ ಕಡೆ. ಅಲ್ಲಿ ಹೊಳೆ ಮೀನನ್ನು ಹಸಿಯಾಗಿ ತಿನ್ನುವ ರೂಢಿ ಇದೆ. ನಮ್ಮಲ್ಲಿ ಮೀನು ಅಂದರೆ ಕುದಿಯುವ ಸಾರು. ಅದೇ ನಮ್ಮನ್ನು ಕಾಯುತ್ತಿದೆ. ಆದರೆ ಆ ಸಾರಿನ ಪಾತ್ರೆಯ ಆಚೆ ಕೆಲವು ಸಂದುಗಳಿವೆ: ಬೆಕ್ಕಿಗೆ ಎಸೆಯುವ ಹಸಿ ತಲೆ, ಹೊಳೆದಂಡೆಯ ಕೆಂಡದ ಮೇಲೆ ಅರ್ಧ ಸುಟ್ಟ ಏಡಿ, ತೊಳೆಯದ ಮೆಟ್ಟುಗತ್ತಿ, ಹಳ್ಳಕ್ಕೆ ಹರಿಯುವ ಶೌಚದ ನೀರು. ಕೆಲಸ ಇರುವುದು ಅಲ್ಲಿ.

ಮೊದಲು ಹುಳುವಿನ ದಾರಿ ತಿಳಿದುಕೊಳ್ಳಿ

ದಾರಿ ಗೊತ್ತಿದ್ದರೆ ಉಳಿದ ಎಲ್ಲ ಸಲಹೆ ತಾನಾಗಿಯೇ ಅರ್ಥವಾಗುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಹುಳು ಇರುವ ಪ್ರಾಣಿಯ ಅಥವಾ ಮನುಷ್ಯನ ಮಲದಲ್ಲಿ ಮೊಟ್ಟೆ ಹೊರಗೆ ಬರುತ್ತದೆ. ಆ ಮೊಟ್ಟೆ ಒಣನೆಲದಲ್ಲಿ ಬಿದ್ದು ಒಣಗಿದರೆ ಸಾಯುತ್ತದೆ. ನೀರಿಗೆ ಸೇರಿದರೆ ಬದುಕುತ್ತದೆ. ಕೆರೆ, ಹಳ್ಳದಲ್ಲಿರುವ ಸಣ್ಣ ಬಸವನಹುಳು ಅದನ್ನು ತಿನ್ನುತ್ತದೆ. ಎಲ್ಲ ಬಸವನಹುಳವೂ ಅಲ್ಲ, ಒಂದೊಂದು ಜಾತಿ ಫ್ಲೂಕಿಗೆ ಒಂದೊಂದು ಬಗೆಯ ಬಸವನಹುಳುವೇ ಬೇಕು. ಅದರ ಮೈಯೊಳಗೆ ಒಂದು ಮೊಟ್ಟೆಯಿಂದ ಸಾವಿರಾರು ಮರಿಗಳಾಗುತ್ತವೆ. ಅವು ಬಾಲ ಆಡಿಸುತ್ತ ನೀರಿಗೆ ಬಂದು ಮೀನಿನ ಚರ್ಮ ಕೊರೆದು ಒಳಗೆ ಹೋಗುತ್ತವೆ. ಅಲ್ಲಿ ಬಾಲ ಕಳಚಿ, ಸುತ್ತ ಒಂದು ಚೀಲ ಕಟ್ಟಿಕೊಂಡು ಕಾಯುತ್ತವೆ. ಆ ಮೀನನ್ನು ಹಸಿಯಾಗಿ ಅಥವಾ ಅರೆಬೆಂದಂತೆ ತಿಂದವರ ಹೊಟ್ಟೆಯಲ್ಲಿ ಚೀಲ ಒಡೆದು ಹುಳು ಹೊರಬರುತ್ತದೆ. ಪಿತ್ತನಾಳದ ಫ್ಲೂಕ್ ಆದರೆ ಸುಮಾರು ಒಂದು ತಿಂಗಳಲ್ಲಿ ಬೆಳೆದು ಮೊಟ್ಟೆ ಇಡಲು ಶುರು ಮಾಡುತ್ತದೆ.

ಮೀನಿನಲ್ಲಿರುವ ಆ ಚೀಲ ಎಷ್ಟು ಸಣ್ಣದು ಅಂದರೆ ಸುಮಾರು 0.2 ಮಿಲಿಮೀಟರ್, ಕೆಲವು ಅದಕ್ಕಿಂತಲೂ ಚಿಕ್ಕವು. ಕಣ್ಣಿಗೆ ಕಾಣುವುದಿಲ್ಲ. ಮೀನು ತಾಜಾ ಇದೆ, ಕಿವಿರು ಕೆಂಪಗಿದೆ, ವಾಸನೆ ಚೆನ್ನಾಗಿದೆ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಈಗಷ್ಟೇ ಗಾಳಕ್ಕೆ ಬಿದ್ದ ಮೀನಿನಲ್ಲಿ ಹುಳು ಇನ್ನೂ ಗಟ್ಟಿಯಾಗಿ ಬದುಕಿರುತ್ತದೆ.

ಇಲ್ಲಿ ಒಂದು ಗೊಂದಲ ತಿಳಿಯಾಗಬೇಕು. ಬಂಗಡೆಯ ಹೊಟ್ಟೆ ಸೀಳಿದಾಗ ಕೆಲವೊಮ್ಮೆ ಬಿಳಿ ದಾರದಂಥ ಹುಳು ಸುರುಳಿ ಸುತ್ತಿಕೊಂಡಿರುವುದು ಕಾಣುತ್ತದೆ. ಅದು ಫ್ಲೂಕ್ ಅಲ್ಲ. ಅದು ಸಮುದ್ರದ ಮೀನಿನ ದುಂಡುಹುಳು. ಕರುಳು ತೆಗೆದು ಚೆನ್ನಾಗಿ ಬೇಯಿಸಿದರೆ ಅದರ ಚಿಂತೆ ಇಲ್ಲ. ಹಾಗೆಯೇ ಕೆರೆ ಮೀನಿನ ಚರ್ಮದ ಮೇಲೆ ಸಾಸಿವೆ ಸಿಡಿದಂತೆ ಕಪ್ಪು ಚುಕ್ಕಿ ಕಂಡರೆ, ಅದು ಬೇರೊಂದು ಜಾತಿ ಫ್ಲೂಕಿನ ಮರಿ ಸೇರಿದ ಜಾಗ ಆಗಿರಬಹುದು. ಮೀನು ತಿನ್ನುವ ಹಕ್ಕಿಗಳಲ್ಲಿ ಬೆಳೆಯುವ ಹುಳು ಅದು, ಸಾಮಾನ್ಯವಾಗಿ ನಮಗೆ ತೊಂದರೆ ಕೊಡುವುದಿಲ್ಲ. ನಮಗೆ ತೊಂದರೆ ಕೊಡುವಂಥದ್ದು ಕಾಣುವುದೇ ಇಲ್ಲ. ಹಾಗಾಗಿ 'ನೋಡಿ ತಗೊಂಡೆ' ಅನ್ನುವ ಧೈರ್ಯ ಬೇಡ.

ಇದನ್ನು ಯಾಕೆ ಗಂಭೀರವಾಗಿ ತೆಗೆದುಕೊಳ್ಳಬೇಕು?

ಪಿತ್ತನಾಳದ ಫ್ಲೂಕ್ ಮನುಷ್ಯನ ಮೈಯಲ್ಲಿ 20 ವರ್ಷ ದಾಟಿಯೂ ಬದುಕಬಲ್ಲದು. ಸ್ವಲ್ಪವೇ ಹುಳು ಇದ್ದರೆ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಆದರೆ ವರ್ಷಗಟ್ಟಲೆ ನಾಳದ ಒಳಗೋಡೆ ಕೆರಳುತ್ತಲೇ ಇದ್ದರೆ ನಾಳ ದಪ್ಪವಾಗುತ್ತದೆ, ಕಲ್ಲು ಕಟ್ಟುತ್ತದೆ, ಕಾಮಾಲೆ ಬರಬಹುದು. ಕೊನೆಗೆ ಪಿತ್ತನಾಳದ ಕ್ಯಾನ್ಸರ್ ಕೂಡ. ಆಗ್ನೇಯ ಏಷ್ಯಾದ ಓಪಿಸ್ತಾರ್ಕಿಸ್ ವಿವೆರಿನಿ ಎಂಬ ಜಾತಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲೇ ಕ್ಯಾನ್ಸರ್ ತರುವುದು ಖಚಿತ ಅನ್ನುವ ಒಂದನೇ ಗುಂಪಿಗೆ ಸೇರಿಸಿತು. ಚೀನಾ, ಕೊರಿಯಾ ಕಡೆಯ ಕ್ಲೊನಾರ್ಕಿಸ್ 2009ರಲ್ಲಿ ಅದೇ ಗುಂಪಿಗೆ ಸೇರಿತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ.

ಈ ಕ್ಲೊನಾರ್ಕಿಸ್ ಹುಳುವನ್ನು ಮೊದಲು ಗುರುತಿಸಿದ್ದು ನಮ್ಮ ದೇಶದಲ್ಲೇ. ಕಲ್ಕತ್ತಾದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ತೀರಿಕೊಂಡ ಒಬ್ಬ ಚೀನೀ ಬಡಗಿಯ ಪಿತ್ತನಾಳದಲ್ಲಿ ಡಾಕ್ಟರ್ ಜೇಮ್ಸ್ ಮೆಕಾನೆಲ್ ಇದನ್ನು ಕಂಡರು. 1875ರಲ್ಲಿ ಅದರ ಬಗ್ಗೆ ಬರೆದರು. ಆ ಬಡಗಿಗೆ ಹುಳು ತಗುಲಿದ್ದು ಅವನ ಊರಿನಲ್ಲಿ, ಸತ್ತದ್ದು ಸಾವಿರಾರು ಮೈಲಿ ಆಚೆ. ಕಾರವಾರ, ಅಂಕೋಲಾದಿಂದ ಹಡಗಿನ ಕೆಲಸಕ್ಕೆ, ಹೊರದೇಶಕ್ಕೆ ಹೋಗುವ ಹುಡುಗರು ಇದ್ದಾರಲ್ಲ, ಅವರ ಮನೆಯವರು ಇದನ್ನು ನೆನಪಿಟ್ಟುಕೊಳ್ಳಿ. ಆ ಬಂದರುಗಳಲ್ಲಿ ಹೊಳೆ ಮೀನಿನ ಹಸಿ ತಿನಿಸು ತಿನ್ನಬೇಡಿ ಅಂತ ಹೇಳಿ ಕಳಿಸಿ.

ಏಡಿಯಿಂದ ಬರುವ ಶ್ವಾಸಕೋಶದ ಫ್ಲೂಕ್ ಇನ್ನೂ ಹತ್ತಿರದ್ದು. ಮಣಿಪುರ, ನಾಗಾಲ್ಯಾಂಡ್, ಅರುಣಾಚಲ ಪ್ರದೇಶಗಳಲ್ಲಿ ಜನರಿಗೆ ಅದು ಬರುತ್ತದೆ. ಕೆಮ್ಮು, ತುಕ್ಕಿನ ಬಣ್ಣದ ಕಫ, ಎದೆನೋವು. ನೋಡಿದರೆ ಕ್ಷಯವೇ ಅನ್ನಬೇಕು, ಆದರೆ ಕಫದ ಪರೀಕ್ಷೆಯಲ್ಲಿ ಕ್ಷಯದ ರೋಗಾಣು ಸಿಗುವುದಿಲ್ಲ. ಕ್ಷಯದ ಮಾತ್ರೆ ತಿಂಗಳುಗಟ್ಟಲೆ ನುಂಗಿದರೂ ಗುಣವಾಗುವುದಿಲ್ಲ. ಈ ಜಾತಿಯ ಹುಳುವನ್ನು 1878ರಲ್ಲಿ ಮೊದಲು ವಿವರಿಸಿದ್ದು ಯುರೋಪಿನ ಮೃಗಾಲಯದಲ್ಲಿ ಸತ್ತ ಬಂಗಾಳದ ಹುಲಿಯ ಶ್ವಾಸಕೋಶದಿಂದ. ಕಾಡಿನ ಹಳ್ಳ, ಏಡಿ, ಏಡಿ ತಿನ್ನುವ ಪ್ರಾಣಿ, ಈ ಮೂರೂ ಸೇರುವ ಕಡೆ ಹುಳುವಿಗೆ ಜಾಗ ಇದೆ.

ಹೆಜ್ಜೆ 1: ಮೀನು ಎಲ್ಲಿಯದು ಅಂತ ಕೇಳಿ

ಪೇಟೆಯಲ್ಲಿ ಒಂದೇ ಮಾತು ಸಾಕು: 'ಅಕ್ಕಾ, ಇದು ಸಮುದ್ರದ್ದೋ, ಹೊಳೆದೋ?' ಮೀನು ಮಾರುವ ಅಕ್ಕನಿಗೆ ಅದು ಗೊತ್ತಿರುತ್ತದೆ.

ಬಂಗಡೆ, ತಾರ್ಲೆ, ಇಸೋಣದಂಥ ತೆರೆದ ಸಮುದ್ರದ ಮೀನಿನಲ್ಲಿ ಪಿತ್ತನಾಳದ ಫ್ಲೂಕ್ ಬರುವುದಿಲ್ಲ. ಅದಕ್ಕೆ ಬೇಕಾದ ಬಸವನಹುಳು ಸಿಹಿನೀರಿನದ್ದು. ಹೆಚ್ಚು ಎಚ್ಚರ ಬೇಕಾದದ್ದು ಕೆರೆ, ಹೊಳೆ, ಗದ್ದೆ, ಕೃಷಿ ಹೊಂಡ, ಕದ್ರಾ, ಕೊಡಸಳ್ಳಿಯಂಥ ಅಣೆಕಟ್ಟಿನ ಹಿನ್ನೀರಿನ ಮೀನಿಗೆ. ಅದರಲ್ಲೂ ಗೆಂಡೆ ಜಾತಿ. ರೋಹು, ಕಾಟ್ಲಾ, ಮೃಗಾಲ್, ಗದ್ದೆಯ ಸಣ್ಣ ಪಕ್ಕೆ ಮೀನು ಎಲ್ಲ ಅದೇ ದೊಡ್ಡ ಬಳಗ. ಪಿತ್ತನಾಳದ ಫ್ಲೂಕಿಗೆ ಹೆಚ್ಚು ಒಗ್ಗುವುದು ಈ ಬಳಗವೇ.

ನಡುವೆ ಇರುವುದು ಅಳಿವೆಯ ಮೀನು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಸಮುದ್ರ ಸೇರುವ ಕಡೆ ಉಪ್ಪುನೀರು ಸಿಹಿನೀರು ಬೆರೆಯುತ್ತದೆ. ಅಲ್ಲಿ ಸಿಗುವ ಶೇವ್ಟೆ, ಅಂದರೆ ಮಲೆಟ್ ಜಾತಿಯ ಮೀನು, ಕರುಳಿನ ಸಣ್ಣ ಫ್ಲೂಕುಗಳನ್ನು ಹೊತ್ತಿರಬಹುದು. ಈಜಿಪ್ಟಿನ ನೈಲ್ ನದಿಯ ಮುಖಜ ಭೂಮಿಯಲ್ಲಿ ಇದೇ ಮಲೆಟನ್ನು ಬೇಯಿಸದೆ ಉಪ್ಪಿನಲ್ಲಿ ಹಾಕಿಟ್ಟು ತಿನ್ನುತ್ತಾರೆ, ಅಲ್ಲಿ ಜನರಿಗೆ ಈ ಹುಳು ಬರುವುದು ಹಾಗೆಯೇ. ಒಂದೆರಡು ಮಿಲಿಮೀಟರ್ ಉದ್ದದ ಹುಳು, ಹೊಟ್ಟೆನೋವು, ಭೇದಿ ತರುತ್ತದೆ. ನಾವು ಬೇಯಿಸುತ್ತೇವೆ, ಹಾಗಾಗಿ ಅಳಿವೆಯ ಮೀನು ಬೇಡ ಅನ್ನುವ ಪ್ರಶ್ನೆಯೇ ಇಲ್ಲ.

ಗೋಕರ್ಣದ ಕಡಲತೀರದ ಹೋಟೆಲುಗಳಿಗೆ ಬರುವವರಿಗೆ ಒಂದು ಮಾತು. ನಿಂಬೆರಸದಲ್ಲಿ ನೆನೆಸಿದ ಹಸಿ ಮೀನು, ಸುಶಿ ಇತ್ಯಾದಿ ಕೇಳುವ ಮೊದಲು ಯಾವ ಮೀನು ಅಂತ ವಿಚಾರಿಸಿ. ಸಿಹಿನೀರಿನದ್ದಾದರೆ ಬೇಡವೇ ಬೇಡ. ಸಮುದ್ರದ ಮೀನೂ ಹಸಿಯಾಗಿದ್ದರೆ ಆಗಲೇ ಹೇಳಿದ ದುಂಡುಹುಳುವಿನ ಅಪಾಯ ಇದ್ದೇ ಇದೆ.

ಹೆಜ್ಜೆ 2: ಹೆಚ್ಚುವಾಗ

ಹುಳುವಿನ ಚೀಲ ಕರುಳಿನಲ್ಲಿ ಮಾತ್ರ ಇರುತ್ತದೆ ಅಂದುಕೊಂಡವರು ಜಾಸ್ತಿ. ಅದು ಚರ್ಮದ ಕೆಳಗೆ, ಮಾಂಸದಲ್ಲಿ, ರೆಕ್ಕೆಯ ಬುಡದಲ್ಲಿ, ಕಿವಿರಿನಲ್ಲಿ ಇರುತ್ತದೆ. ಕರುಳು ತೆಗೆದು, ಉಪ್ಪು ಅರಿಶಿನ ಹಾಕಿ ಉಜ್ಜಿ, ಮೂರು ಸಲ ತೊಳೆದರೂ ಹೋಗುವುದಿಲ್ಲ. ತೊಳೆಯುವುದು ವಾಸನೆಗೆ, ಲೋಳೆಗೆ ಒಳ್ಳೆಯದು, ಹುಳುವಿಗೆ ಅದು ಮದ್ದಲ್ಲ.

ಮೆಟ್ಟುಗತ್ತಿಯಲ್ಲಿ ಮೀನು ಕೊಯ್ದ ಮೇಲೆ ಅದರಲ್ಲೇ ಈರುಳ್ಳಿ, ಸೌತೆಕಾಯಿ ಹೆಚ್ಚಬೇಡಿ. ಮೊದಲು ತರಕಾರಿ ಹೆಚ್ಚಿಟ್ಟುಕೊಳ್ಳಿ, ಆಮೇಲೆ ಮೀನು. ಕತ್ತಿ, ಮಣೆ, ಪಾತ್ರೆಗೆ ಸೋಪು ಹಾಕಿ ತಿಕ್ಕಿ, ಮೇಲಿಂದ ಕುದಿಯುವ ನೀರು ಸುರಿಯಿರಿ. ಏಡಿಗೆ ಇದು ಇನ್ನೂ ಮುಖ್ಯ. ಕಾಲು ಮುರಿದು, ಚಿಪ್ಪು ತೆಗೆಯುವಾಗ ರಸ ಸಿಡಿಯುತ್ತದೆ, ಕೈಗೆ ಅಂಟುತ್ತದೆ. ಆ ಕೈಯಲ್ಲೇ ಮಗುವಿಗೆ ಏನನ್ನೂ ತಿನ್ನಿಸಬೇಡಿ. ಉಪ್ಪು ಖಾರ ಸರಿಯಿದೆಯಾ ಅಂತ ಹಸಿ ಮಸಾಲೆ ಹಚ್ಚಿದ ಮೀನಿನ ಪಾತ್ರೆಯಿಂದ ಬೆರಳು ನೆಕ್ಕಿ ನೋಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಮೀನು ಹಾಕುವ ಮೊದಲೇ ಮಸಾಲೆಯ ರುಚಿ ನೋಡಿಕೊಳ್ಳಬಹುದು.

ಹೆಜ್ಜೆ 3: ಬೇಯಿಸುವುದು, ಸರಿಯಾಗಿ ಬೇಯಿಸುವುದು

ಮೀನಿನ ನಡುಭಾಗ 63 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಅನ್ನುವುದು ಆಹಾರ ಸುರಕ್ಷತೆಯ ಸಾಮಾನ್ಯ ಅಳತೆ. ನಮ್ಮ ಮನೆಗಳಲ್ಲಿ ಥರ್ಮಾಮೀಟರ್ ಇರುವುದಿಲ್ಲ, ಬೇಕಾಗಿಯೂ ಇಲ್ಲ. ಕಣ್ಣಳತೆ ಹೀಗೆ: ಮಾಂಸ ಗಾಜಿನಂತೆ ಮಿನುಗುವುದು ನಿಂತು ಪೂರ್ತಿ ಬೆಳ್ಳಗಾಗಬೇಕು, ಮುಳ್ಳಿನಿಂದ ಎಸಳು ಎಸಳಾಗಿ ಬಿಡಬೇಕು, ನಡುಮುಳ್ಳಿನ ಪಕ್ಕದಲ್ಲಿ ಹಸಿ ರಕ್ತದ ಗೆರೆ ಇರಬಾರದು.

ಸಾರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೀನಿನ ತುಂಡು ಹಾಕಿದ ಮೇಲೆ ಸಾರು ಮತ್ತೆ ಕುದಿ ಹತ್ತಬೇಕು, ಅಲ್ಲಿಂದ 10 ನಿಮಿಷ ಒಲೆಯ ಮೇಲಿರಲಿ. ರೋಹುವಿನ ದಪ್ಪ ತುಂಡಾದರೆ ಇನ್ನೂ ಸ್ವಲ್ಪ ಹೊತ್ತು. ಜುಮ್ಮನಕಾಯಿ ಹಾಕಿ, ಮುರುಗಲು ಸಿಪ್ಪೆ ಹಾಕಿ ಕುದಿಸಿದ ಸಾರನ್ನು ಮಾರನೇ ದಿನ ಬಿಸಿ ಮಾಡಿ ತಿನ್ನುವ ನಮ್ಮ ಪದ್ಧತಿ ಇನ್ನೂ ಒಳ್ಳೆಯದು.

ತೊಂದರೆ ಬರುವುದು ಫ್ರೈಯಲ್ಲಿ, ಸುಡುವುದರಲ್ಲಿ. ರವೆ ಹಚ್ಚಿ ಕಾವಲಿಯ ಮೇಲೆ ಹಾಕಿದ ದಪ್ಪ ತುಂಡಿಗೆ ಹೊರಗೆ ಬೇಗ ಬಣ್ಣ ಬರುತ್ತದೆ, ಒಳಗೆ ಬೆಂದಿರುವುದಿಲ್ಲ. ಸಿಹಿನೀರಿನ ಮೀನನ್ನು ಫ್ರೈ ಮಾಡುವುದಾದರೆ ಬೆರಳಿಗಿಂತ ತೆಳ್ಳಗೆ ಕೊಯ್ಯಿರಿ, ಇಡೀ ಮೀನಾದರೆ ಎರಡೂ ಬದಿ ಮುಳ್ಳಿನವರೆಗೆ ಗೀರು ಹಾಕಿ, ಉರಿ ಸಣ್ಣಗೆ ಇಟ್ಟು ಮುಚ್ಚಳ ಮುಚ್ಚಿ ಬೇಯಿಸಿ. ಹೊಳೆದಂಡೆಯಲ್ಲಿ ಕೆಂಡದ ಮೇಲೆ ಸುಡುವಾಗ ಚರ್ಮ ಕರಿಯಾದ ಕೂಡಲೇ ತೆಗೆದು ತಿನ್ನುತ್ತಾರೆ. ನನ್ನ ಮಟ್ಟಿಗೆ ನಮ್ಮ ಜಿಲ್ಲೆಯಲ್ಲಿ ಬದಲಾಗಲೇಬೇಕಾದ ಅಭ್ಯಾಸ ಅಂದರೆ ಇದೊಂದೇ. ಬಾಳೆ ಎಲೆಯಲ್ಲಿ ಸುತ್ತಿ, ಕೆಂಡದೊಳಗೆ ಹೂತು, ಅರ್ಧ ಗಂಟೆ ಬಿಡಿ. ತೆರೆದು ಮುಳ್ಳಿನ ಬುಡ ನೋಡಿ, ಹಸಿ ಇದ್ದರೆ ಮತ್ತೆ ಕೆಂಡಕ್ಕೆ ಹಾಕಿ.

ಕೆಲಸಕ್ಕೆ ಬಾರದ ನಂಬಿಕೆಗಳೂ ಕೆಲವು ಇವೆ. ನಿಂಬೆ, ವಾಟೆಹುಳಿ, ಮುರುಗಲು, ವಿನೆಗರ್ ಯಾವುದೂ ಈ ಚೀಲದ ಒಳಗಿನ ಹುಳುವನ್ನು ನಂಬುವಷ್ಟು ಕೊಲ್ಲುವುದಿಲ್ಲ. ಹುಳಿ ತಾಗಿ ಮಾಂಸ ಬೆಳ್ಳಗಾಗುತ್ತದೆ ಅಷ್ಟೆ, ಬೆಂದ ಹಾಗೆ ಕಾಣುತ್ತದೆ. ಖಾರವೂ ಕೊಲ್ಲುವುದಿಲ್ಲ. ಸಾರಾಯಿ ಕುಡಿದರೆ ಹೊಟ್ಟೆಯಲ್ಲಿ ಹುಳು ಸಾಯುತ್ತದೆ ಅನ್ನುವುದು ಶುದ್ಧ ಸುಳ್ಳು. ಉಪ್ಪು ಹಾಕಿ ನಾಲ್ಕು ದಿನ ಇಟ್ಟ ಹೊಳೆ ಮೀನಿನಲ್ಲೂ ಹುಳು ಬದುಕಿರಬಹುದು. ಒಲೆಯ ಮೇಲೆ ಹೊಗೆಯಲ್ಲಿ ಒಣಗಿಸಿದ್ದನ್ನೂ ತಿನ್ನುವ ಮೊದಲು ಬೇಯಿಸಿಯೇ ತಿನ್ನಿ.

ಫ್ರೀಜರ್ ವಿಷಯ ಸ್ವಲ್ಪ ಬೇರೆ. ಮೈನಸ್ 20 ಡಿಗ್ರಿಯಲ್ಲಿ ಕನಿಷ್ಠ 7 ದಿನ ಇಟ್ಟರೆ ಹುಳು ಸಾಯುತ್ತದೆ ಅನ್ನುವುದು ಹೊರದೇಶಗಳ ಶಿಫಾರಸು. ನಮ್ಮ ಮನೆಯ ಫ್ರಿಜ್ಜಿನ ಮೇಲಿನ ಡಬ್ಬಿ ಅಷ್ಟು ತಣ್ಣಗಿರುವುದು ಕಷ್ಟ. ಅದರಲ್ಲೂ ಮಳೆಗಾಲದಲ್ಲಿ ಮರ ಬಿದ್ದು ಎರಡೆರಡು ದಿನ ಕರೆಂಟ್ ಹೋಗುವ ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಫ್ರೀಜರನ್ನು ನೆಚ್ಚಿಕೊಳ್ಳಲೇಬೇಡಿ.

ಹೆಜ್ಜೆ 4: ಏಡಿ

ಸಮುದ್ರದ, ಅಳಿವೆಯ ಏಡಿಗಿಂತ ಗದ್ದೆ, ಹಳ್ಳದ ಕಲ್ಲಿನ ಅಡಿ ಸಿಗುವ ಏಡಿಯ ಬಗ್ಗೆ ಈ ಮಾತು. ಶೀತ, ಕೆಮ್ಮಿಗೆ ಏಡಿ ಸಾರು ಒಳ್ಳೆಯದು ಅಂತ ನಮ್ಮಲ್ಲಿ ಮಾಡುತ್ತಾರೆ. ಮಾಡಿ, ತೊಂದರೆ ಇಲ್ಲ. ಆದರೆ ಜಜ್ಜಿದ ಏಡಿಯ ರಸವನ್ನು ಹಸಿಯಾಗಿ ಹಿಂಡಿ ಕುಡಿಸುವ ಮನೆಮದ್ದು ಯಾರಾದರೂ ಹೇಳಿದರೆ ಖಂಡಿತ ಬೇಡ. ಕೊರಿಯಾದಲ್ಲಿ ಹಿಂದೆ ದಡಾರಕ್ಕೆ ಮದ್ದು ಅಂತ ಸಿಹಿನೀರಿನ ಸಿಗಡಿ ಜಾತಿಯ ಪ್ರಾಣಿಯ ಹಸಿ ರಸ ಕುಡಿಸಿ ಮಕ್ಕಳಿಗೆ ಶ್ವಾಸಕೋಶದ ಫ್ಲೂಕ್ ಬರುತ್ತಿತ್ತು.

ಜಜ್ಜಿ ಸೋಸಿದ ರಸದಿಂದಲೇ ಸಾರು ಮಾಡುವುದಾದರೆ ರಸ ಚೆನ್ನಾಗಿ ಉಕ್ಕಿ ಕುದಿಯಬೇಕು, 10–15 ನಿಮಿಷ. ಇಡೀ ಏಡಿಯಾದರೆ ಎರಡು ಹೋಳು ಮಾಡಿ, 15–20 ನಿಮಿಷ ಬೇಯಿಸಿ. ಮಕ್ಕಳು ಗದ್ದೆ ಬದುವಿನಲ್ಲಿ ಏಡಿ ಹಿಡಿದು ಅಲ್ಲೇ ಕಡ್ಡಿ ಒಟ್ಟಿ ಸುಟ್ಟು ತಿನ್ನುತ್ತಾರೆ. ಬೈಯುವುದರಿಂದ ನಿಲ್ಲುವುದಿಲ್ಲ. 'ಹಿಡಿದದ್ದನ್ನು ಮನೆಗೆ ತನ್ನಿ, ನಾನೇ ಮಾಡಿಕೊಡ್ತೇನೆ' ಅಂತ ಅಮ್ಮನೋ ಅಜ್ಜಿಯೋ ಹೇಳಿದರೆ ತರುತ್ತಾರೆ.

ಹೆಜ್ಜೆ 5: ಬೆಕ್ಕು, ನಾಯಿಯ ಪಾಲು

ಸಿಹಿನೀರಿನ ಮೀನು ಕೊಯ್ಯುವಾಗ ನಾವು ಏನನ್ನು ಬಿಸಾಡುತ್ತೇವೆ? ತಲೆ, ಕಿವಿರು, ರೆಕ್ಕೆ, ಕರುಳು. ಕರುಳಿನ ಸಣ್ಣ ಫ್ಲೂಕುಗಳಲ್ಲಿ ಕೆಲವು ಜಾತಿ ಗೂಡು ಕಟ್ಟುವುದೇ ಕಿವಿರಿನ ಎಳೆಗಳಲ್ಲಿ. ಮತ್ತೆ ಕೆಲವು ರೆಕ್ಕೆಯ ಬುಡದಲ್ಲಿ, ತಲೆಯಲ್ಲಿ. ಅಂದರೆ ನಮ್ಮ ತಟ್ಟೆಗೆ ಬೆಂದ ಮಾಂಸ ಬರುತ್ತದೆ, ಹುಳು ಹೆಚ್ಚಿರುವ ಹಸಿ ಭಾಗ ಬೆಕ್ಕಿಗೆ ಹೋಗುತ್ತದೆ. ಬೆಕ್ಕು ಮ್ಯಾಂವ್ ಅಂದ ಕೂಡಲೇ ಪ್ರೀತಿಯಿಂದಲೇ ಎಸೆಯುತ್ತೇವೆ. ಅದು ಹಿತ್ತಿಲಿನ ತೋಡಿನ ಪಕ್ಕ ಮಣ್ಣು ಕೆದರಿ ಮಲ ಹಾಕುತ್ತದೆ. ಒಂದು ಜೋರು ಮಳೆ ಬಂದರೆ ಮೊಟ್ಟೆ ತೋಡಿಗೆ, ತೋಡಿನಿಂದ ಹಳ್ಳಕ್ಕೆ. ಮನುಷ್ಯರು ಒಬ್ಬರೂ ಹಸಿ ಮೀನು ತಿನ್ನದ ಊರಿನಲ್ಲೂ ಹುಳುವಿನ ಸುತ್ತು ನಡೆಯುತ್ತಲೇ ಇರುವುದು ಹೀಗೆ. ಬಕ, ಬೆಳ್ಳಕ್ಕಿಯಂಥ ಮೀನು ತಿನ್ನುವ ಹಕ್ಕಿಗಳೂ ಕೆಲವು ಜಾತಿಗೆ ಆಸರೆ. ಹಕ್ಕಿಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಬೆಕ್ಕು ನಾಯಿಯ ತಟ್ಟೆ ನಮ್ಮ ಕೈಯಲ್ಲಿದೆ.

ಮಾಡಬೇಕಾದದ್ದು ಕಷ್ಟದ್ದಲ್ಲ. ಒಂದು ಹಳೆ ಪಾತ್ರೆಯನ್ನು ಇದಕ್ಕೇ ಇಟ್ಟುಬಿಡಿ. ತಲೆ, ಕಿವಿರು ಎಲ್ಲ ಹಾಕಿ ಮುಳುಗುವಷ್ಟು ನೀರು ಹಾಕಿ, ಕುದಿ ಬಂದ ಮೇಲೆ 10–15 ನಿಮಿಷ ಬೇಯಿಸಿ. ಉಪ್ಪು, ಖಾರ, ಈರುಳ್ಳಿ ಹಾಕಬೇಡಿ, ಈರುಳ್ಳಿ ಬೆಕ್ಕು ನಾಯಿಗೆ ವಿಷ. ಆರಿದ ಮೇಲೆ ದೊಡ್ಡ ಮುಳ್ಳು ಆರಿಸಿ, ಉಳಿದ ಅನ್ನಕ್ಕೆ ಕಲಸಿ ಹಾಕಿ. ಬಚ್ಚಲ ಒಲೆಯಲ್ಲಿ ಬೆಂಕಿ ಹೇಗೂ ಇರುತ್ತದೆ, ಅಲ್ವಾ? ಗ್ಯಾಸ್ ಖರ್ಚೂ ಇಲ್ಲ.

ಹಂದಿ ಸಾಕುವವರಿಗೂ ಇದೇ ಮಾತು. ಹೋಟೆಲಿನ, ಮೀನು ಪೇಟೆಯ ತ್ಯಾಜ್ಯವನ್ನು ಕುದಿಸದೆ ಹಾಕಬೇಡಿ.

ಹುಳು ಇರುವ ಬೆಕ್ಕು ಸಾಮಾನ್ಯವಾಗಿ ಚೆನ್ನಾಗಿಯೇ ಕಾಣುತ್ತದೆ. ಜಾಸ್ತಿಯಾದರೆ ವಾಂತಿ, ಭೇದಿ, ಸೊರಗುವುದು, ಒಸಡು ಮತ್ತು ಕಿವಿಯ ಒಳಭಾಗ ಹಳದಿಯಾಗುವುದು ಕಾಣಬಹುದು. ಬೆಕ್ಕಿಗೆ ಹಳದಿ ಬಂದರೆ ಅದು ಹಲ್ಲಿ ಹಿಡಿದು ತಿನ್ನುವುದನ್ನೂ ಡಾಕ್ಟರಿಗೆ ಹೇಳಿ, ಹಲ್ಲಿಯಿಂದ ಬರುವ ಪಿತ್ತನಾಳದ ಫ್ಲೂಕ್ ಬೇರೆಯೇ ಒಂದಿದೆ. ಮೆಡಿಕಲ್ ಅಂಗಡಿಯಲ್ಲಿ ಸುಮ್ನೆ ಜಂತುಹುಳು ಮಾತ್ರೆ ತಂದು ಹಾಕಿದರೆ ಸಾಲದು. ದುಂಡುಹುಳುವಿನ ಮದ್ದೆಲ್ಲ ಫ್ಲೂಕಿಗೆ ತಾಗುವುದಿಲ್ಲ. ಮಲದ ಮಾದರಿಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಪಶು ಆಸ್ಪತ್ರೆಗೆ ಒಯ್ಯಿರಿ. ಮದ್ದಿನ ಪ್ರಮಾಣ ಪ್ರಾಣಿಯ ತೂಕ ನೋಡಿ ಅವರೇ ಹೇಳಬೇಕು.

ಹೆಜ್ಜೆ 6: ಮಲ ನೀರಿಗೆ ಸೇರದಂತೆ

ಅಘನಾಶಿನಿ ಹುಟ್ಟುವುದು ಶಿರಸಿಯಲ್ಲಿ. ಘಟ್ಟ ಇಳಿದು, ಒಂದೂ ಅಣೆಕಟ್ಟು ಇಲ್ಲದೆ, ಕುಮಟಾ ತಾಲೂಕಿನ ತದಡಿಯಲ್ಲಿ ಸಮುದ್ರ ಸೇರುತ್ತದೆ. ಮೇಲಿನವರು ಬಿಟ್ಟದ್ದು ಕೆಳಗಿನವರ ಬಲೆಗೆ ಬರುತ್ತದೆ ಅನ್ನುವುದಕ್ಕೆ ಬೇರೆ ಉದಾಹರಣೆ ಬೇಡ.

ಶೌಚದ ಗುಂಡಿ ಹಳ್ಳ, ಬಾವಿ, ಹೊಂಡದಿಂದ ದೂರ ಇರಲಿ. ಮಳೆಗಾಲದಲ್ಲಿ ಗುಂಡಿ ತುಂಬಿ ಉಕ್ಕುವುದಿದ್ದರೆ ಬೇಸಿಗೆಯಲ್ಲೇ ಸರಿಮಾಡಿಸಿ. ತೋಟದ ಕೆಲಸಕ್ಕೆ, ಮೀನು ಹಿಡಿಯಲು ಹೋದಾಗ ಹಳ್ಳದ ದಂಡೆಯಲ್ಲೇ ಕೂರುವ ಅಭ್ಯಾಸ ಬಿಡಬೇಕು. ಅನಿವಾರ್ಯವಾದರೆ ನೀರಿನಿಂದ ದೂರ ಹೋಗಿ ಮಣ್ಣು ಮುಚ್ಚಿ.

ಮೀನಿನ ಉಳಿದ ಕಸವನ್ನು ಹೊಳೆಗೆ ಎಸೆಯುವ ಬದಲು ತೆಂಗಿನ ಬುಡದಲ್ಲಿ ಹೂಳಿ. ಮೇಲೆ ಒಂದೂವರೆ ಅಡಿ ಮಣ್ಣು ಬೀಳಲಿ, ಒಂದು ಚಪ್ಪಡಿ ಕಲ್ಲಿಟ್ಟರೆ ನಾಯಿ ಕೆದರುವುದಿಲ್ಲ. ಮೀನು ಪೇಟೆ, ಧಕ್ಕೆಯ ಹತ್ತಿರದ ಬೀದಿನಾಯಿಗಳ ಹೊಟ್ಟೆಗೆ ಹೊಳೆ ಮೀನಿನ ಹಸಿ ಕಸ ಹೋಗದಂತೆ ನೋಡಿಕೊಳ್ಳುವುದು ಒಬ್ಬೊಬ್ಬರಿಂದ ಆಗುವ ಕೆಲಸವಲ್ಲ. ಪಂಚಾಯತಿಯ ಸಭೆಯಲ್ಲಿ ಮುಚ್ಚಳ ಇರುವ ತೊಟ್ಟಿ ಕೇಳಿ. ಕೇಳುವವರು ಇದ್ದರೆ ಆಗುತ್ತದೆ.

ಮನೆಮನೆ, ಪ್ರಾಣಿ, ಶಾಲೆ ಎಲ್ಲವನ್ನೂ ಒಟ್ಟಿಗೆ ಹಿಡಿದು ಕೆಲಸ ಮಾಡಿದ ಜಾಗ ಒಂದಿದೆ. ಈಶಾನ್ಯ ಥಾಯ್ಲೆಂಡಿನ ಖೋನ್ ಕೇನ್ ಪ್ರಾಂತ್ಯದ ಲಾವಾ ಕೆರೆಯ ಸುತ್ತಲಿನ ಹಳ್ಳಿಗಳು. ಜನರಿಗೆ ಮಾತ್ರೆ ಕೊಡುವುದರ ಜೊತೆಗೆ ಬೆಕ್ಕು ನಾಯಿಗೂ ಮದ್ದು ಕೊಟ್ಟರು, ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದರು, ಕೆರೆಯ ಬಸವನಹುಳು ಮತ್ತು ಮೀನನ್ನು ಪರೀಕ್ಷಿಸುತ್ತ ಹೋದರು. ಜನರಲ್ಲೂ ಮೀನಿನಲ್ಲೂ ಹುಳು ಇಳಿಯಿತು.

ಹೆಜ್ಜೆ 7: ಕೃಷಿ ಹೊಂಡದಲ್ಲಿ ಮೀನು ಬಿಟ್ಟವರಿಗೆ

ಮುಂಡಗೋಡ, ಹಳಿಯಾಳ, ಶಿರಸಿ ಕಡೆ ಹೊಂಡಕ್ಕೆ ಕಾಟ್ಲಾ, ರೋಹು ಮರಿ ಬಿಡುವವರು ಇದ್ದಾರೆ. ಹೊಂಡಕ್ಕೆ ಹಸಿ ಹಂದಿ ಗೊಬ್ಬರ, ಶೌಚದ ನೀರು ಬಿಡಬೇಡಿ. ಸಗಣಿ ಹಾಕುವುದಾದರೆ ಕೊಳೆಸಿದ ಗೊಬ್ಬರವನ್ನೇ ಹಾಕಿ. ದಂಡೆಯ ಹುಲ್ಲು, ನೀರಿನ ಕಳೆ ತೆಗೆಯುತ್ತಿರಿ, ಬಸವನಹುಳು ಅಂಟಿಕೊಳ್ಳುವುದು ಅದಕ್ಕೇ. ಬೇಸಿಗೆಯಲ್ಲಿ ಮೀನು ಹಿಡಿದ ಮೇಲೆ ಹೊಂಡ ಪೂರ್ತಿ ಒಣಗಲಿ, ತಳದ ಕೆಸರು ತೆಗೆದು ಸುಣ್ಣ ಹಾಕಿ. ಸುತ್ತ ಬೇಲಿ ಇದ್ದರೆ ನಾಯಿ ಬರುವುದು ತಪ್ಪುತ್ತದೆ.

ದನದ ಫ್ಲೂಕ್ ಬೇರೆ

'ನಮ್ಮ ಎಮ್ಮೆಗೂ ಲಿವರ್ ಫ್ಲೂಕ್ ಅಂದ್ರು, ಅದೂ ಮೀನಿಂದಾನಾ?' ಅಂತ ಕೇಳುವವರಿದ್ದಾರೆ. ಅಲ್ಲ. ದನ, ಎಮ್ಮೆ, ಆಡಿಗೆ ಬರುವ ಫ್ಯಾಸಿಯೋಲಾ ಎಂಬ ಹುಳುವಿಗೂ ನೀರಿನ ಬಸವನಹುಳು ಬೇಕು, ಆದರೆ ಮೀನು ಬೇಡ. ಅದರ ಮರಿ ಜೌಗು ಗದ್ದೆಯ ಹುಲ್ಲಿಗೆ ಅಂಟಿಕೊಂಡು ಕಾಯುತ್ತದೆ. ದನ ಬಡಕಲಾಗುವುದು, ಹಾಲು ಇಳಿಯುವುದು, ಗದ್ದದ ಕೆಳಗೆ ನೀರು ತುಂಬಿ ಬಾವು ಬರುವುದು ಅದರ ಗುರುತು. ದನಗಳ ಗೊರಕೆ ರೋಗವೂ ಬಸವನಹುಳುವಿನಿಂದ ಹರಡುವ ಇನ್ನೊಂದು ಫ್ಲೂಕಿನದೇ. ಮದ್ದುಗಳೂ ಬೇರೆ ಬೇರೆ. ಜೌಗಿನಲ್ಲಿ ಮೇಯಿಸುವುದನ್ನು ಕಡಿಮೆ ಮಾಡಿ, ಸಗಣಿ ಪರೀಕ್ಷೆ ಮಾಡಿಸಿ. ಓಡಾಡಲು ಆಗದ ಜಾನುವಾರಿಗೆ 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಸೇವೆ ಇದೆ.

ಮನುಷ್ಯರಿಗೂ ಫ್ಯಾಸಿಯೋಲಾ ಬರಬಹುದು, ಜೌಗಿನಲ್ಲಿ ಬೆಳೆದ ಸೊಪ್ಪನ್ನು ಹಸಿಯಾಗಿ ತಿಂದರೆ. ಒಂದೆಲಗ, ಹೊನಗೊನ್ನೆ ಅಂಥವನ್ನು ದನ ಮೇಯುವ ನೀರಿನ ಬದಿಯಿಂದ ತಂದಿದ್ದರೆ ಹಸಿ ತಂಬುಳಿಗೆ ಬಳಸಬೇಡಿ, ಬೇಯಿಸಿ ಮಾಡಿ. ತಂಬುಳಿಗೆ ಬೇಕಾದ್ದನ್ನು ಮನೆಯ ಅಂಗಳದ ಕುಂಡದಲ್ಲೇ ಬೆಳೆಸಿಕೊಳ್ಳಬಹುದು.

ಅನುಮಾನ ಬಂದರೆ

ಬಲ ಪಕ್ಕೆಯ ಕೆಳಗೆ ನೋವು, ತಿಂಗಳುಗಟ್ಟಲೆ ಅಜೀರ್ಣ, ಆಗಾಗ ಭೇದಿ, ಸುಸ್ತು, ಕಣ್ಣು ಹಳದಿ, ಕಾರಣ ಸಿಗದ ಕೆಮ್ಮು ಮತ್ತು ಕಂದು ಕಫ. ಇವು ಬೇರೆ ಹತ್ತಾರು ಕಾಯಿಲೆಗೂ ಇರುವ ಗುರುತುಗಳೇ. ಹಾಗಾಗಿ ಡಾಕ್ಟರಿಗೆ ಫ್ಲೂಕಿನ ನೆನಪಾಗಬೇಕಾದರೆ ನೀವು ತಿಂದದ್ದನ್ನು ಹೇಳಬೇಕು: 'ಡಾಕ್ಟ್ರೇ, ಮಳೆಗಾಲದಲ್ಲಿ ಹಳ್ಳದ ಏಡಿ ಸುಟ್ಟು ತಿಂದಿದ್ದೆ', 'ಎರಡು ವರ್ಷ ಥಾಯ್ಲೆಂಡಿನಲ್ಲಿದ್ದೆ, ಅಲ್ಲಿ ಹಸಿ ಮೀನು ತಿಂತಿದ್ದೆ'. ಆ ಒಂದು ಮಾತಿನಿಂದ ಪರೀಕ್ಷೆಯ ದಿಕ್ಕೇ ಬದಲಾಗುತ್ತದೆ.

ತಿಂದ ವಾರಕ್ಕೇ ಮಲ ಪರೀಕ್ಷೆ ಮಾಡಿಸಿದರೆ ಏನೂ ಸಿಗುವುದಿಲ್ಲ. ಪಿತ್ತನಾಳದ ಫ್ಲೂಕಿನ ಮೊಟ್ಟೆ ಕಾಣಲು ಸುಮಾರು ನಾಲ್ಕು ವಾರ ಬೇಕು, ಶ್ವಾಸಕೋಶದ್ದಕ್ಕೆ ಎರಡರಿಂದ ಮೂರು ತಿಂಗಳು. ಮೊಟ್ಟೆ ತೀರಾ ಸಣ್ಣದು, ದಿನವೂ ಬೀಳುವುದಿಲ್ಲ, ಹಾಗಾಗಿ ಬೇರೆ ಬೇರೆ ದಿನದ ಮೂರು ಮಾದರಿ ಕೊಡುವುದು ಒಳ್ಳೆಯದು. ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣ ಹೆಚ್ಚಿದ್ದರೆ ಅದೂ ಒಂದು ಸುಳಿವು. ಊರಿನ ಲ್ಯಾಬಿನಲ್ಲಿ ಆಗದಿದ್ದರೆ ಕಾರವಾರದ ಕ್ರಿಮ್ಸ್‌ನಂಥ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬರೆಸಿಕೊಂಡು ಹೋಗಿ.

ಮದ್ದಿನ ಹೆಸರು ಪ್ರಾಜಿಕ್ವಾಂಟೆಲ್. ಮೀನು, ಏಡಿಯಿಂದ ಬರುವ ಫ್ಲೂಕಿಗೆ ಇದೇ ಮುಖ್ಯ ಮದ್ದು, ಒಂದೆರಡು ಅಥವಾ ಮೂರು ದಿನದ ಮಾತ್ರೆ, ಚೆನ್ನಾಗಿ ಕೆಲಸ ಮಾಡುತ್ತದೆ. ಫ್ಯಾಸಿಯೋಲಾಗೆ ಮಾತ್ರ ಇದು ನಡೆಯುವುದಿಲ್ಲ, ಅದಕ್ಕೆ ಟ್ರೈಕ್ಲಾಬೆಂಡಜೋಲ್ ಬೇಕು. ಫೆಬ್ರವರಿ 10ರ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಒಂದು ಅಲ್ಬೆಂಡಜೋಲ್ ಮಾತ್ರೆ ದುಂಡುಹುಳು, ಕೊಕ್ಕೆಹುಳುವಿಗೆ. ಅದನ್ನು ತಪ್ಪದೆ ಕೊಡಿಸಿ, ಆದರೆ ಅದು ಫ್ಲೂಕಿಗೂ ಆಯಿತು ಅಂದುಕೊಳ್ಳಬೇಡಿ.

ಪ್ರಾಜಿಕ್ವಾಂಟೆಲನ್ನು ತಾವೇ ತಂದು ನುಂಗುವುದು ಅಪಾಯ. ಮಿದುಳಿನಲ್ಲಿ ಲಾಡಿಹುಳುವಿನ ಚೀಲ ಇರುವವರಿಗೆ ಈ ಮಾತ್ರೆಯಿಂದ ಫಿಟ್ಸ್ ಬರಬಹುದು, ಕಣ್ಣಿನಲ್ಲಿದ್ದರೆ ದೃಷ್ಟಿಗೇ ಹೊಡೆತ. ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ, ಗರ್ಭಿಣಿಯಾಗಿದ್ದರೆ, ಮಗುವಿಗೆ ಎದೆಹಾಲು ಕೊಡುತ್ತಿದ್ದರೆ ಮೊದಲೇ ಹೇಳಿ.

ಮಾತ್ರೆ ಮುಗಿದ ಒಂದು ತಿಂಗಳ ಮೇಲೆ ಇನ್ನೊಮ್ಮೆ ಮಲ ಪರೀಕ್ಷೆ ಮಾಡಿಸಿ, ಮೊಟ್ಟೆ ನಿಂತಿದೆಯಾ ನೋಡಿ. ಮನೆಯಲ್ಲಿ ಒಬ್ಬರಿಗೆ ಸಿಕ್ಕಿದರೆ ಅದೇ ಮೀನು ತಿಂದ ಉಳಿದವರೂ ಪರೀಕ್ಷೆ ಮಾಡಿಸಿಕೊಳ್ಳಲಿ, ಬೆಕ್ಕು ನಾಯಿಯನ್ನೂ ಅದೇ ವಾರ ಪಶು ವೈದ್ಯರಿಗೆ ತೋರಿಸಿ.